ಮೂರನೇ ಫೀಡರಿನ ಮಿಸ್ಡ್ ಕಾಲ್

"ನಿಂಗೆ ಭಯ ಆಯ್ತದಾ ಅವ್ವ?"

ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಹಿರೀಸಾವೆ ಕಡೆಗಿರುವ ಒಂದು ವಿದ್ಯುತ್ ಸಬ್‌ಸ್ಟೇಷನ್ನಿಗೆ ನಾನು ಗುತ್ತಿಗೆಯ ಆಪರೇಟರಾಗಿ ಸೇರಿದ ದಿನ, ಅಲ್ಲಿಯ ಹಿರಿಯ ಆಪರೇಟರು ಕೇಳಿದ ಮೊದಲ ಪ್ರಶ್ನೆ ಇದು. ಸಂದರ್ಶನಕ್ಕೆ ಬಂದವಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು, "ಇಲ್ಲ ಸಾರ್, ನಂಗೇನೂ ಭಯ ಇಲ್ಲ" ಅಂದೆ.

"ಅಂಗಾರೆ ನೀನು ಇಲ್ಲಿಗೆ ಬ್ಯಾಡ. ಅನ್ನೊಂದು ಗಂಟೆಗೆ ಬಸ್ಸದೆ, ಅತ್ಕಂಡು ಓಗು," ಎಂದು ಹೇಳಿ ಅವರು ಮೀಟರು ನೋಡಲು ಎದ್ದುಹೋದರು.

ನಾನು ಬಸ್ಸು ಹತ್ತಲಿಲ್ಲ. ಛಲ ಗಿಲ ಏನೂ ಅಲ್ಲ. ಅರಕಲಗೂಡಿಗೆ ವಾಪಸ್ ಹೋದರೆ ಅಪ್ಪನ ಮುಖ ನೋಡಬೇಕಲ್ಲ ಅಂತ. ಎಲೆಕ್ಟ್ರಿಕಲ್ ಡಿಪ್ಲೊಮಾ ಹೇಗೋ ಮುಗಿಸಿದ ಮೇಲೆ ನಾನು ಹಾಸನದಲ್ಲಿ ಬಟ್ಟೆ ಅಂಗಡಿ ಸೇರಿ ಬಿಟ್ಟಿದ್ದೆ, ಕಂಪ್ಯೂಟರ್ ಕ್ಲಾಸಿಗೆ ಸೇರಿ ಬಿಟ್ಟಿದ್ದೆ, ನರ್ಸರಿ ಶಾಲೆಯಲ್ಲಿ ಮಿಸ್ಸಾಗಿ ಅದನ್ನೂ ಬಿಟ್ಟಿದ್ದೆ. ಯಾರಾದರೂ ಒಂದು ಮಾತು ಗದರಿದರೆ ಮಾರನೇ ದಿನ ಆ ಕಡೆ ತಲೆ ಹಾಕುತ್ತಿರಲಿಲ್ಲ. "ನಮ್ ಮಗ್ಳು ಚಪ್ಲಿ ಬಿಟ್ ಜಾಗ್ದಾಗೂ ನಿಲ್ಲಾಕಿಲ್ಲ ಕಣವ್ವ," ಎಂದು ಅಮ್ಮ ಬಂದುಹೋದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ನಗು ಮುಗಿದ ಮೇಲೆ ಒಂದು ನಿಟ್ಟುಸಿರು ಬಿಡುತ್ತಿದ್ದಳು. ಆ ನಿಟ್ಟುಸಿರು ನನಗೆ ಕೇಳಿಸುತ್ತಿತ್ತು.

ಸಬ್‌ಸ್ಟೇಷನ್ ಅಂದರೆ ದೊಡ್ಡ ಲೈನಿನಲ್ಲಿ ಬಂದ ಕರೆಂಟನ್ನು ಇಳಿಸಿ ಊರೂರಿಗೆ ಕಳಿಸುವ ಜಾಗ. ನಮ್ಮಲ್ಲಿಂದ ಐದು ಲೈನು ಹೊರಡುತ್ತಿದ್ದವು. ಒಂದೊಂದಕ್ಕೆ ಫೀಡರ್ ಅನ್ನುತ್ತಾರೆ. ಗಂಟೆಗೊಂದು ಸಲ ಐದೂ ಫೀಡರಿನ ಮೀಟರು ನೋಡಿ ಪುಸ್ತಕಕ್ಕೆ ಬರೆಯಬೇಕು. ಉಳಿದ ಹೊತ್ತೆಲ್ಲ ಫೋನು. ರೈತರ ಪ್ರಶ್ನೆ ಒಂದೇ: "ಸಾ, ತ್ರೀ ಫೇಸ್ ಯಾವಾಗ್ ಬತ್ತದೆ ಸಾ?" ಮೋಟರ್ ಓಡುವುದು ತ್ರೀ ಫೇಸ್ ಇದ್ದಾಗ ಮಾತ್ರ, ಅದು ಬರುವುದು ದಿನದಲ್ಲಿ ಕೆಲವೇ ಗಂಟೆ. ಹೆಂಗಸಿನ ದನಿ ಕೇಳಿದ ತಕ್ಷಣ ಆ ಕಡೆಯವರಿಗೆ ಅನುಮಾನ. "ಯಾರಾರ ಗಂಡಸ್ರಿಗೆ ಕೊಡವ್ವ ಪೋನ." "ಗಂಡಸ್ರು ಹೇಳಿದ್ರೂ ಎರಡೂವರೆಗೇ ಬರೋದು ಕಣಣ್ಣ," ಎಂದು ಹೇಳಿ ಇಡುತ್ತಿದ್ದೆ.

ಭಯ ಬೀಳುವುದನ್ನು ಹಿರಿಯರು ನನಗೆ ಕಲಿಸಿದ್ದು ಲೈನ್ ಕ್ಲಿಯರ್ ಪುಸ್ತಕದಿಂದ. ಯಾವುದೋ ಕಂಬದ ಮೇಲೆ ಕೆಲಸವಿದ್ದರೆ ಲೈನ್‌ಮನ್ ಸ್ಟೇಷನ್ನಿಗೆ ಫೋನ್ ಮಾಡಿ, ತನ್ನ ಹೆಸರು, ಯಾವ ಫೀಡರ್, ಎಲ್ಲಿ, ಏನು ಕೆಲಸ ಎಂದು ಹೇಳಬೇಕು. ನಾನು ಬರೆದುಕೊಂಡು, ಪ್ಯಾನೆಲ್ಲಿನಲ್ಲಿ ಬ್ರೇಕರ್, ಅಂದರೆ ಆ ಲೈನಿನ ದೊಡ್ಡ ಸ್ವಿಚ್ಚು, ಬಿಡಿಸಿ, ಹೊರಗೆ ಯಾರ್ಡಿಗೆ ನಡೆದು ಆ ಫೀಡರಿನ ಐಸೊಲೇಟರ್ ಹ್ಯಾಂಡಲ್ ಎಳೆಯಬೇಕು. ಆಗ ತಲೆಯ ಮೇಲೆ ಮೂರು ಬ್ಲೇಡುಗಳು ಬಿಚ್ಚಿಕೊಂಡು ನಿಲ್ಲುತ್ತವೆ. ಮೂರೂ ಬಿಚ್ಚಿದ್ದನ್ನು ಕಣ್ಣಾರೆ ನೋಡಿ, ಹ್ಯಾಂಡಲ್ಲಿಗೆ ಬೀಗ ಹಾಕಿ, "ಲೈನಿನಲ್ಲಿ ಜನರಿದ್ದಾರೆ" ಎಂಬ ಬೋರ್ಡು ತಗುಲಿಹಾಕಿ, ಒಳಗೆ ಬಂದು ಲೈನ್‌ಮನ್‌ಗೆ ಒಂದು ನಂಬರ್ ಕೊಡಬೇಕು. ಅದು ಲೈನ್ ಕ್ಲಿಯರ್. ಕೆಲಸ ಮುಗಿದ ಮೇಲೆ ತೆಗೆದುಕೊಂಡವನೇ ಫೋನ್ ಮಾಡಿ, ಅದೇ ನಂಬರ್ ಹೇಳಿ, "ಜನ ಎಲ್ಲಾ ಇಳಿದಿದ್ದಾರೆ, ಸಾಮಾನು ತೆಗೆದಿದ್ದೀವಿ, ಅರ್ತ್ ರಾಡ್ ಬಿಚ್ಚಿದ್ದೀವಿ, ಚಾರ್ಜ್ ಮಾಡಬಹುದು" ಎಂದು ಪೂರ್ತಿ ವಾಕ್ಯ ತನ್ನ ಬಾಯಲ್ಲೇ ಹೇಳಬೇಕು. ಅಲ್ಲಿಯವರೆಗೆ ಮಂತ್ರಿ ಬಂದು ಹೇಳಿದರೂ ಕರೆಂಟ್ ಬಿಡುವ ಹಾಗಿಲ್ಲ.

ಅರ್ತ್ ರಾಡ್ ಅಂದರೆ ಕೊಕ್ಕೆ ಇರುವ ಉದ್ದನೆಯ ಕೋಲು. ಕೆಲಸದ ಜಾಗದ ಹಿಂದೆ ಮುಂದೆ ತಂತಿಗೆ ಸಿಕ್ಕಿಸಿ, ಅದರ ಕೇಬಲನ್ನು ನೆಲಕ್ಕೆ ಕಟ್ಟುತ್ತಾರೆ. ಯಾರಾದರೂ ತಪ್ಪಿ ಕರೆಂಟ್ ಬಿಟ್ಟರೂ ಅದು ಭೂಮಿಗೆ ಹೋಗಿ, ಬ್ರೇಕರ್ ತಾನಾಗಿ ಬಿದ್ದು ಕರೆಂಟ್ ನಿಲ್ಲಲಿ ಅಂತ. ಹೊತ್ತು ತಿರುಗಲು ಭಾರ, ಕಟ್ಟಲು ಹೊತ್ತು ಬೇಕು. ಹಾಕದೇ "ಹಾಕಿದೀನಿ" ಅನ್ನುವವರು ಬೇಕಾದಷ್ಟು ಜನ ಇದ್ದರು.

"ಅವ್ರು ಸುಳ್ ಏಳ್ಳಿ ಬುಡು," ಅನ್ನುತ್ತಿದ್ದರು ಹಿರಿಯರು. "ನೀನು ಕೇಳದು ಮಾತ್ರ ಬುಡಬ್ಯಾಡ. ನೋಡವ್ವ, ನಿನ್ ಕೈ ಇಲ್ಲಿ ಅದೆ, ಆ ಮನ್ಸ ಅಲ್ಲೆಲ್ಲೋ ಮೇಲವ್ನೆ. ಅವ್ನ ಮಕ ನಿಂಗೆ ಕಾಣಾಕಿಲ್ಲ. ಅದ್ಕೇ ಭಯ ಇರ್ಬೇಕು ಅನ್ನದು."

ಭಯ ಬಂತು. ಎಷ್ಟು ಬಂತೆಂದರೆ ಬೀಗ ಹಾಕಿ ಬಂದ ಮೇಲೂ ಮತ್ತೊಮ್ಮೆ ಯಾರ್ಡಿಗೆ ಹೋಗಿ ಬೀಗ ಎಳೆದು ನೋಡುತ್ತಿದ್ದೆ. ವಿಚಿತ್ರವೆಂದರೆ ಆ ಭಯವೇ ನನ್ನನ್ನು ಅಲ್ಲಿ ಹಿಡಿದು ಕೂರಿಸಿತು. ನಾನು ಹುಷಾರಾಗಿರುವುದರಿಂದ ಯಾರೋ ಸಂಜೆ ಮನೆಗೆ ಹೋಗಿ ಊಟ ಮಾಡುತ್ತಾರೆ ಅನ್ನುವುದು ನನಗೆ ಹೊಸದು. ಅಲ್ಲಿಯವರೆಗೆ ನನ್ನಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

ಮೂರನೇ ಫೀಡರ್ ನೋಡಿಕೊಳ್ಳುತ್ತಿದ್ದ ಲೈನ್‌ಮನ್ ಹೊಳೆನರಸೀಪುರದ ಕಡೆಯವನು. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು. ಮುಖ ಎರಡೇ ಸಲ ನೋಡಿದ್ದೆ, ದನಿ ಮಾತ್ರ ದಿನಾ ಕೇಳುತ್ತಿದ್ದೆ. ಆ ಫೀಡರಿನ ಉದ್ದಕ್ಕೂ ತೆಂಗಿನ ತೋಟಗಳು. ಗಾಳಿ ಬೀಸಿದರೆ ಗರಿ ಬಿದ್ದು ಲೈನ್ ಹೋಗುತ್ತಿತ್ತು. ಹಾಗಾಗಿ ಬೇರೆಯವರಿಗಿಂತ ಅವನ ಫೋನೇ ಹೆಚ್ಚು.

"ಅರ್ತ್ ರಾಡ್ ಹಾಕಿದೀರಾ?" ಎಂದು ನಾನು ಕೇಳುತ್ತಿದ್ದೆ.

"ಆಕಿವ್ನಿ ಮೇಡಂ. ಒಂದ್ ದಿನಾನಾರ ಊಟ ಆಯ್ತಾ ಅಂತ ಕೇಳಿ. ಬರೀ ರಾಡನ್ನೇ ಕೇಳ್ತೀರಲ್ಲ!"

"ಊಟ ಕೇಳೋಕೆ ಪುಸ್ತಕದಲ್ಲಿ ಕಾಲಂ ಇಲ್ಲ."

"ಒಂದ್ ಗೆರೆ ಎಳ್ಕಳಿ ಮತ್ತೆ."

ಸುಳ್ಳೇಕೆ ಹೇಳಲಿ, ಗಾಳಿ ಎದ್ದರೆ ಒಳಗೊಳಗೇ ಖುಷಿಯಾಗುವಷ್ಟು ಹದಗೆಟ್ಟಿದ್ದೆ ನಾನು. ಗರಿ ಬೀಳಬೇಕು, ಲೈನ್ ಹೋಗಬೇಕು, ಅವನು ಫೋನ್ ಮಾಡಬೇಕು. ಇಡೀ ಫೀಡರಿನ ಜನ ಕತ್ತಲಲ್ಲಿ ಕೂತು ನನಗೆ ಶಾಪ ಹಾಕುತ್ತಿದ್ದರೆ ನಾನಿಲ್ಲಿ ಜಡೆ ಸರಿ ಮಾಡಿಕೊಳ್ಳುತ್ತಿದ್ದೆ, ಫೋನಿನಲ್ಲಿ ಜಡೆ ಕಾಣುತ್ತದೆ ಅನ್ನುವವಳ ಹಾಗೆ.

ಮಿಸ್ಡ್ ಕಾಲ್ ಯೋಚನೆ ಅವನದೇ. ಕೆರೆಯ ಹಿಂದಿನ ತಗ್ಗಿನಲ್ಲಿ ಸಿಗ್ನಲ್ ನಿಲ್ಲುತ್ತಿರಲಿಲ್ಲ. ನಂಬರ್ ಹೇಳುವಷ್ಟರಲ್ಲಿ ಫೋನ್ ಕಟ್ಟಾಗುತ್ತಿತ್ತು, ಅವನು ಬೈಕ್ ಹತ್ತಿ ಏರಿಯ ಮೇಲೆ ಬಂದು ಮತ್ತೆ ಮಾಡಬೇಕಿತ್ತು. "ಕೆಲ್ಸ ಮುಗೀತಿದ್ದಂಗೆ ಒಂದು ಮಿಸ್ಡ್ ಕಾಲ್ ಕೊಟ್ಬುಡ್ತೀನಿ ಮೇಡಂ. ನೀವು ಚಾರ್ಜ್ ಮಾಡ್ಬುಡಿ. ನನ್ ನಂಬರಿಂದ ನಾನ್ ಬಿಟ್ರೆ ಯಾರ್ ಮಾಡಾರು?"

"ಆಗಲ್ಲ. ಬಾಯಲ್ಲೇ ಹೇಳಬೇಕು," ಅಂದೆ. ಎರಡು ವಾರ ಹಾಗೇ ಅಂದೆ. ಮೂರನೇ ವಾರ ಒಪ್ಪಿದೆ. ವಾಪಸ್ ಕಾಲಂನಲ್ಲಿ ಅವನು ಹೇಳಬೇಕಾದ ವಾಕ್ಯವನ್ನು ನಾನೇ ಬರೆದುಕೊಳ್ಳತೊಡಗಿದೆ. ಒಂದು ಸಲ ಫೋನ್ ಮಿಣುಕಿ ನಿಂತರೆ ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಮಾತು. ಇಡೀ ಜಿಲ್ಲೆಯಲ್ಲಿ ನನಗೊಂದು ಗುಟ್ಟು ಇದೆಯಲ್ಲ ಅಂತ ಎಷ್ಟು ಬೀಗಿದ್ದೆನೋ! ಹಿರಿಯರು ಕಲಿಸಿದ ಭಯ ಅವನ ವಿಷಯದಲ್ಲಿ ಮಾತ್ರ ನನ್ನ ಕೈಬಿಟ್ಟಿತ್ತು. ಯಾರ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಇರಬೇಕಿತ್ತೋ ಅವನ ವಿಷಯದಲ್ಲೇ.

ಅವತ್ತು ಬೆಳಗಿನ ಪಾಳಿ ನನ್ನದು. ನನ್ನ ಜೊತೆಯ ಸಹಾಯಕ ರಜೆ ಹಾಕಿದ್ದ, ಸ್ಟೇಷನ್ನಿನಲ್ಲಿ ಒಬ್ಬಳೇ. ಹಿಂದಿನ ಸಂಜೆಯ ಗಾಳಿಗೆ ಮೂರನೇ ಫೀಡರಿನಲ್ಲಿ ಕಂಬದ ಮೇಲೆ ತಂತಿ ಹಿಡಿಯುವ ಪಿಂಗಾಣಿ ಇನ್ಸುಲೇಟರುಗಳು ಒಡೆದಿದ್ದವು. ಹತ್ತೂ ಮುಕ್ಕಾಲಿಗೆ ಅವನು ಲೈನ್ ಕ್ಲಿಯರ್ ಕೇಳಿದ. ಬ್ರೇಕರ್ ಬಿಡಿಸಿದೆ, ಹ್ಯಾಂಡಲ್ ಎಳೆದೆ, ಮೂರು ಬ್ಲೇಡು ನೋಡಿದೆ, ಬೀಗ, ಬೋರ್ಡು, ನಂಬರ್.

"ಅರ್ತ್ ರಾಡ್ ಹಾಕ್ತೀರಾ?"

ಆ ಕಡೆಯಿಂದ ಯಾವತ್ತಿನ ಹಾಗೆ ತಮಾಷೆ ಬರಲಿಲ್ಲ. ಬರೀ "ಊಂ ಮೇಡಂ" ಅಂದ. ಫೋನ್ ಇಟ್ಟ. ಮುನಿಸಿಕೊಂಡನೇನೋ ಅಂದುಕೊಂಡೆ.

ಆಮೇಲೆ ಶುರುವಾಯಿತು ನೋಡಿ. ಹಾಲಿನ ಡೇರಿಯ ಕಾರ್ಯದರ್ಶಿ ಮೂರು ಸಲ ಫೋನ್ ಮಾಡಿದರು. ಕರೆಂಟ್ ಇಲ್ಲದೆ ಕೂಲರ್ ನಿಂತಿದೆ, ಡೀಸೆಲ್ ಮುಗಿದಿದೆ, ಹಾಲು ಒಡೆದರೆ ಯಾರು ಹೊಣೆ ಅಂತ. ನೀರುಗಂಟಿ ಫೋನ್ ಮಾಡಿದ. ಸೆಕ್ಷನ್ ಆಫೀಸರು, ಅಂದರೆ ನಮ್ಮ ಇಂಜಿನಿಯರು, "ಇನ್ನೂ ಎಷ್ಟು ಹೊತ್ತಮ್ಮ?" ಎಂದು ಕೇಳಿದರು. ಹನ್ನೆರಡಕ್ಕೆ ಎಂಟು ನಿಮಿಷ ಇರುವಾಗ ಸ್ಟೇಷನ್ ಮೊಬೈಲ್ ಮಿಣುಕಿತು. ಅವನ ನಂಬರ್. ಒಂದೇ ರಿಂಗ್. ನಿಂತಿತು.

ಅಬ್ಬಾ, ಮುಗಿಯಿತು ಅಂದುಕೊಂಡೆ. ಗ್ಲೌಸು ಹಾಕಿಕೊಂಡು ಯಾರ್ಡಿಗೆ ನಡೆದೆ. ಬಾಗಿಲಿನಿಂದ ಹ್ಯಾಂಡಲ್ಲಿಗೆ ನಲವತ್ತು ಹೆಜ್ಜೆ. ಆಮೇಲೆ ಎಷ್ಟೋ ಸಲ ಎಣಿಸಿದ್ದೇನೆ. ಆ ನಲವತ್ತರಲ್ಲಿ ಒಂದು ಹೆಜ್ಜೆಯಲ್ಲೂ ನನಗೆ ಬೇರೆ ಯೋಚನೆ ಬರಲಿಲ್ಲ. ಬೋರ್ಡು ತೆಗೆದೆ, ಬೀಗ ತೆಗೆದೆ, ಬ್ಲೇಡು ಕೂಡಿಸಿದೆ, ಒಳಗೆ ಬಂದು ಬ್ರೇಕರ್ ಸ್ವಿಚ್ಚು ತಿರುಗಿಸಿದೆ.

ಮೀಟರಿನ ಮುಳ್ಳು ಒಂದೇ ಏಟಿಗೆ ಕೊನೆಗೆ ಹೋಗಿ ಬಡಿಯಿತು. ಧಡ್ ಎಂದು ಬ್ರೇಕರ್ ಬಿತ್ತು. ಹೂಟರ್ ಕಿರುಚತೊಡಗಿತು. ಪ್ಯಾನೆಲ್ಲಿನಲ್ಲಿ ಅರ್ತ್ ಫಾಲ್ಟಿನ ಕೆಂಪು ಗುರುತು ಬಿದ್ದಿತ್ತು.

ಲೈನ್ ಭೂಮಿಗೆ ತಾಗಿದೆ ಎಂದು ಅದರ ಅರ್ಥ. ರಾಡು ಇನ್ನೂ ಲೈನಿನಲ್ಲೇ ಇದೆ. ಇಲ್ಲ, ರಾಡೇ ಹಾಕಿಲ್ಲ, ಮನುಷ್ಯನ ಮೂಲಕ ಹೋಗಿದೆ. ಎರಡರಲ್ಲಿ ಯಾವುದು ಎಂದು ಆ ಕೆಂಪು ಗುರುತು ಹೇಳುವುದಿಲ್ಲ.

ಹೂಟರ್ ನಿಲ್ಲಿಸಿ ಅವನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಇನ್ನೊಮ್ಮೆ. ಅವನ ಜೊತೆಗಾರನಿಗೆ ಮಾಡಿದೆ, ಸ್ವಿಚ್ ಆಫ್. ಆಫೀಸರಿಗೆ ಮಾಡಿ, "ಸಾರ್, ನಾನು ಚಾರ್ಜ್ ಮಾಡ್ಬಿಟ್ಟೆ, ಅವರು ಫೋನ್ ಎತ್ತುತ್ತಿಲ್ಲ," ಅಂದೆ. ಅವರು ಏನಂದರೋ ನನಗೆ ಕೇಳಿಸಲೇ ಇಲ್ಲ. ಕಿವಿಯೊಳಗೆ ಹೂಟರ್ ಇನ್ನೂ ಕೂಗುತ್ತಿತ್ತು.

ಓಡಿಹೋಗೋಣವೆಂದರೆ ಆಪರೇಟರು ಸ್ಟೇಷನ್ ಬಿಟ್ಟು ಕದಲುವ ಹಾಗಿಲ್ಲ. ಉಳಿದ ನಾಲ್ಕು ಫೀಡರ್ ನಡೆಯುತ್ತಿವೆ. ಹನ್ನೆರಡು ಗಂಟೆ ಆಯಿತು. ರೀಡಿಂಗ್ ಬರೆಯುವ ಹೊತ್ತು. ಬರೆದೆ. ಈ ಮಾತು ಹೇಳಿದರೆ ನಂಬುವುದಿಲ್ಲ. ಒಬ್ಬ ಮನುಷ್ಯನನ್ನು ಕೊಂದೆನೋ ಏನೋ ಎಂದು ಗೊತ್ತಿಲ್ಲದಿರುವಾಗಲೇ ಒಂದನೇ ಫೀಡರ್ ಇಷ್ಟು, ಎರಡನೇ ಫೀಡರ್ ಇಷ್ಟು ಎಂದು ಬರೆದೆ. ಮೂರನೇ ಮನೆಯಲ್ಲಿ ಸೊನ್ನೆ ಹಾಕುವಾಗ ಪೆನ್ನು ನಿಂತುಹೋಯಿತು. ಆ ಪುಟ ಇವತ್ತಿಗೂ ಇದೆ. ಸೊನ್ನೆ ಸುತ್ತಿ ಮುಗಿದಿಲ್ಲ.

ಹನ್ನೆರಡೂ ಮೂರಕ್ಕೆ ಗೊತ್ತಿಲ್ಲದ ನಂಬರಿಂದ ಫೋನ್ ಬಂತು. ವಯಸ್ಸಾದ ಗಂಡಸಿನ ದನಿ, ಏದುಸಿರು.

"ಅವ್ವಾ, ಟೇಸನ್ನಾ? ನಿಮ್ ಲೈನ್‌ಮನ್ನು ಕಂಬದ್ ಮ್ಯಾಲೆ ಬೆಲ್ಟಲ್ಲಿ ನೇತಾಡ್ತಾವ್ನೆ ಕಣವ್ವ. ದೊಡ್ ಬೆಂಕಿ ಬಂತು. ಇನ್ನೊಬ್ಬ ಇನ್ಸ್ಲೇಟ್ರು ತರಕೆ ಓಗವ್ನೆ."

"ಉಸಿರಿದ್ಯಾ? ಅಣ್ಣ, ಉಸಿರಾಡ್ತಿದಾರಾ?"

"ನರಳ್ತಾವ್ನೆ. ನನ್ ಮಗ ತೆಂಗಿನ್ ಮರ ಅತ್ತೋನು. ಅತ್ತಿ ಇಳ್ಸ್ತಾನೆ. ಕಂಬ ಮುಟ್ಬೋದಾ? ಕರೆಂಟ್ ಐತಾ ಇಲ್ವಾ? ಬೇಗ ಏಳವ್ವ!"

ಕರೆಂಟ್ ಇರಲಿಲ್ಲ. ಬ್ರೇಕರ್ ಬಿದ್ದಿದೆ, ಬಿದ್ದಿದೆ ಎಂದು ತೋರಿಸುವ ಹಸಿರು ದೀಪ ಉರಿಯುತ್ತಿದೆ. ಇಲ್ಲ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಐಸೊಲೇಟರ್ ಇನ್ನೂ ಕೂಡಿಕೊಂಡೇ ಇದೆ, ಅದನ್ನು ಕೂಡಿಸಿದವಳು ನಾನೇ. ಹತ್ತು ನಿಮಿಷದ ಹಿಂದೆ ನೋಡದೆ ಮಾಡದೆ ಒಂದು ಕೆಲಸ ಮಾಡಿದ್ದೆ. ಈಗ ಇನ್ನೊಬ್ಬರ ಮಗ ನನ್ನ ಮಾತು ನಂಬಿ ಕಂಬಕ್ಕೆ ಕೈ ಹಾಕುತ್ತಾನೆ.

"ಫೋನ್ ಇಡಬೇಡಿ. ಯಾರೂ ಮುಟ್ಟಬೇಡಿ. ನಾನು ಹೇಳೋತನಕ ಮುಟ್ಟಬೇಡಿ," ಎಂದು ಕೂಗಿ, ಫೋನ್ ಹಿಡಿದುಕೊಂಡೇ ಯಾರ್ಡಿಗೆ ಓಡಿದೆ. ಆ ಕಡೆ ಯಾರೋ ಹೆಂಗಸು, "ಅಯ್ಯೋ ಸಿವನೇ, ಇಳ್ಸ್ರೋ ಮಗೀನ," ಎಂದು ಅಳುವುದು ಕೇಳಿಸುತ್ತಿತ್ತು. ಫೋನನ್ನು ಜಲ್ಲಿಯ ಮೇಲಿಟ್ಟು, ಗ್ಲೌಸು ಏರಿಸಿಕೊಂಡು ಹ್ಯಾಂಡಲ್ ಎಳೆದೆ. ಕೈ ಬೆವೆತು ಗ್ಲೌಸಿನೊಳಗೆ ಜಾರಿತು. ಎರಡನೇ ಸಲಕ್ಕೆ ಬಿಚ್ಚಿಕೊಂಡಿತು. ತಲೆ ಎತ್ತಿ ನೋಡಿದೆ. ಒಂದು. ಎರಡು. ಮೂರು. ಮೂರನೆಯದನ್ನು ಮತ್ತೆ ನೋಡಿದೆ, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಬೀಗ ಹಾಕಿ ಎಳೆದು ನೋಡಿದೆ.

"ಅಣ್ಣ, ನಾನು ಕಣ್ಣಲ್ಲಿ ನೋಡಿ ಹೇಳ್ತಿದೀನಿ. ಕರೆಂಟ್ ಇಲ್ಲ. ಬೀಗ ಹಾಕಿದೀನಿ, ಬೀಗದ ಕೈ ನನ್ನ ಹತ್ರ ಇದೆ. ತಂತಿಗೆ ಸಿಕ್ಕಿಸಿರೋ ಕೋಲು ಏನಾದ್ರೂ ಇದ್ರೆ ಅದನ್ನ ಮಾತ್ರ ಮುಟ್ಟಬೇಡಿ, ಇರಲಿ. ಹತ್ತಿ."

"ಅವ್ವ, ನಂಬ್ಬೋದಾ?" ಅಂದ ಆತ. ಯಾಕೆ ಕೇಳಬಾರದು? ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನು ಹತ್ತಿಸುವವನು.

"ನಂಬಿ," ಅಂದೆ. ನನ್ನ ಜನ್ಮದಲ್ಲಿ ಅಷ್ಟು ಭಾರದ ಮಾತು ಇನ್ನೊಂದು ಆಡಿಲ್ಲ.

ಆಮೇಲೆ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಕುರ್ಚಿಯಲ್ಲಿ ಕೂತೆ. ಡೇರಿಯ ಫೋನ್ ಬಂತು, ಎತ್ತಲಿಲ್ಲ. ಹನ್ನೆರಡೂವರೆಗೆ ಅವನ ಜೊತೆಗಾರ ಮಾತಾಡಿದ. "ಇಳ್ಸಿವಿ ಮೇಡಂ. ಬಲಗೈ ಸುಟ್ಟದೆ, ಭುಜ ಜಾರದೆ. ಕಾರಲ್ಲಿ ಆಸ್ಪತ್ರೆಗೆ ಕರ್ಕ ಓಯ್ತಾ ಇವ್ನಿ." ತಡೆದು ಮತ್ತೆ ಅಂದ: "ರಾಡು ಇನ್ನೂ ಲೈನಲ್ಲೇ ಅವೆ, ಮೇಡಂಗೆ ಚಾರ್ಜ್ ಮಾಡ್ಬ್ಯಾಡಿ ಅಂತ ಏಳು ಅಂತಾವ್ನೆ."

ಆಗ ಅತ್ತೆ. ಅಲ್ಲಿಯವರೆಗೆ ಅಳು ಬಂದಿರಲಿಲ್ಲ.

ಮಿಸ್ಡ್ ಕಾಲ್ ಹೇಗೆ ಬಂತೆಂದು ಆಫೀಸರು ಹೋಗಿ ವಿಚಾರಿಸಿಕೊಂಡು ಬಂದರು. ಅವನು ಕಂಬ ಹತ್ತುವಾಗ ಕೀಪ್ಯಾಡ್ ಫೋನನ್ನು ಬೈಕಿನ ಮೇಲಿಟ್ಟಿದ್ದ. ಆಮೇಲೆ ನನಗೆ ಫೋನ್ ಮಾಡಿದ ಆ ವಯಸ್ಸಾದವರೇ, ಅಲ್ಲಿಯ ತೋಟದ ಯಜಮಾನರು, ತ್ರೀ ಫೇಸ್ ಯಾವಾಗ ಬರುತ್ತದೆಂದು ಕೇಳೋಣವೆಂದು, ತಮ್ಮ ಫೋನ್ ಮಗನ ಹತ್ತಿರ ಇದ್ದುದರಿಂದ, ಆ ಫೋನಿನ ಹಸಿರು ಗುಂಡಿ ಎರಡು ಸಲ ಒತ್ತಿದ್ದರು; ಅದು ಕೊನೆಗೆ ಮಾಡಿದ ನಂಬರಿಗೆ, ಅಂದರೆ ಸ್ಟೇಷನ್ನಿಗೇ, ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ರಿಂಗಾಗುತ್ತಿದ್ದ ಹಾಗೆ, ಕೆಲಸದ ಹೊತ್ತಿನಲ್ಲಿ ಕೇಳಿದರೆ ಆ ಹುಡುಗಿ ಬೈಯುತ್ತಾಳೆಂದು ಹೆದರಿ ಕಟ್ ಮಾಡಿದ್ದರು. ಅಷ್ಟೇ. ಅವರ ತಪ್ಪು ಏನಿದೆ? ಒಂದು ರಿಂಗಿಗೆ ಒಂದು ಜೀವದ ಅರ್ಥ ಕಟ್ಟಿಟ್ಟವರು ನಾವಿಬ್ಬರು.

ಆಫೀಸರು ಕೆಟ್ಟವರಲ್ಲ. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು: "ನೋಡಮ್ಮ, ಗರಿ ಬಿದ್ದು ಟ್ರಿಪ್ ಆಯ್ತು ಅಂತ ಬರಿ. ಹುಡುಗ ಬದುಕಿದಾನೆ. ಜಾರಿ ಬಿದ್ದ ಅಂದ್ರೆ ಆಯ್ತು. ನಿನ್ ಕೆಲ್ಸಾನೂ ಉಳೀತದೆ, ಅವನದೂ ಉಳೀತದೆ. ನಿಜ ಬರೆದ್ರೆ ನೀನು ಗುತ್ತಿಗೆಯೋಳು, ನಾಳೆಯಿಂದ್ಲೇ ಬರ್ಬೇಡ ಅಂತಾರೆ."

ಅಷ್ಟು ಹೊತ್ತಿಗೆ ಎರಡು ಗಂಟೆಯ ಪಾಳಿಗೆ ಹಿರಿಯರು ಬಂದರು. ಯಾರೂ ಹೇಳದೆಯೇ ಪ್ಯಾನೆಲ್ ನೋಡಿದರು, ಪುಸ್ತಕ ನೋಡಿದರು. "ವಾಪಸ್ ಯಾರ್ ಕೊಟ್ರು?" ಎಂದು ಕೇಳಿದರು. "ಮಿಸ್ಡ್ ಕಾಲ್," ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೀಗ ನೋಡಿಬರುತ್ತೇನೆಂದು ಯಾರ್ಡಿಗೆ ಹೋದರು.

ನನ್ನ ಚಪ್ಪಲಿ ಬಾಗಿಲಲ್ಲಿತ್ತು. ಮೆಟ್ಟಿಕೊಂಡು ಹೊರಟುಬಿಡುವುದು ನನಗೆ ಗೊತ್ತಿದ್ದ ವಿದ್ಯೆ. ಬೆಳಗಿನಿಂದ ಹೆದರಿದ್ದಕ್ಕಿಂತ ಹೆಚ್ಚಾಗಿ ಆಗ ಹೆದರಿದೆ, ಯಾಕೆಂದರೆ ಮೊಟ್ಟಮೊದಲ ಬಾರಿಗೆ ಒಂದು ಕೆಲಸ ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಗರಿ ಬಿತ್ತು ಅಂತ ಬರೆದರೆ ಕುರ್ಚಿ ಉಳಿಯುತ್ತಿತ್ತು. ಆದರೆ ಮುಂದೆ ಯಾವನಾದರೂ "ನಂಬ್ಬೋದಾ" ಎಂದು ಕೇಳಿದರೆ ಆ ಕುರ್ಚಿಯಲ್ಲಿ ಕೂತು ಏನು ಹೇಳುವುದು? ಪೆನ್ನು ತೆಗೆದುಕೊಂಡು ಬರೆದೆ: "ಲೈನ್ ಕ್ಲಿಯರನ್ನು ಬಾಯಿಮಾತಿನಲ್ಲಿ ವಾಪಸ್ ಪಡೆಯದೆ, ಮಿಸ್ಡ್ ಕಾಲ್ ನಂಬಿ ಮೂರನೇ ಫೀಡರನ್ನು ಚಾರ್ಜ್ ಮಾಡಿದ್ದೇನೆ. ಕಂಬದ ಮೇಲೆ ಜನರಿದ್ದರು." ಹೆಸರು ಬರೆದು ಸಹಿ ಹಾಕಿದೆ. ಆಫೀಸರು ತಲೆ ಚಚ್ಚಿಕೊಂಡರು.

ಮಾರನೇ ದಿನ ಹಾಸನದ ಆಸ್ಪತ್ರೆಗೆ ಹೋದೆ. ಮಂಚದ ಪಕ್ಕ ಅವನ ತಾಯಿ ಕಿತ್ತಲೆಹಣ್ಣು ಸುಲಿಯುತ್ತಿದ್ದರು. "ಯಾರವ್ವ ನೀನು? ಆಪೀಸ್ನೋಳಾ?" ಎಂದು ಅಕ್ಕರೆಯಿಂದಲೇ ಕೇಳಿದರು.

"ಲೈನಿಗೆ ಕರೆಂಟ್ ಬಿಟ್ಟೋಳು ನಾನೇ ಅಮ್ಮ," ಅಂದೆ.

ಸುಲಿಯುತ್ತಿದ್ದ ಕೈ ನಿಂತಿತು. "ಎದ್ದೋಗು," ಅಂದರು. ನಾನು ಕೂತೇ ಇರಲಿಲ್ಲ. "ಎದ್ದೋಗು ಅಂದೆ. ಇರೋನು ಒಬ್ನು ಕಣೇ ನಂಗೆ." ನಾನು ವಾರ್ಡಿನ ಬಾಗಿಲವರೆಗೆ ಹೋದಾಗ ಅವನು ಕರೆದ.

"ಮೇಡಂ, ಒಂದ್ ಮಾತು ಕೇಳ್ಕ ಓಗಿ. ಅವ್ವ, ನೀನೂ ಕೇಳು. ನಾನು ರಾಡ್ ಆಕ್ತಾ ಇರ್ನಿಲ್ಲ. ಇವ್ರು ದಿನಾ ಕೇಳೋರು, ನಾನ್ ದಿನಾ ಸುಳ್ ಏಳ್ತಿದ್ದೆ. ನಿನ್ನೆ ಕೇಳ್ದಾಗ ಯಾಕೋ ಸುಳ್ ಏಳಕ್ಕೆ ಬಾಯ್ ಬರ್ನಿಲ್ಲ. ಊಂ ಅಂದ್ಬುಟ್ಟೆ. ಅಂದ್ ಮೇಲೆ ಆಕ್ಬೇಕಲ್ಲ. ತಿರ್ಗ ಬೈಕಲ್ಲಿ ಓಗಿ ತಂದು ಆಕ್ದೆ."

ನಾನು ಬಾಗಿಲ ಹತ್ತಿರವೇ ಗೋಡೆ ಹಿಡಿದು ಕೂತೆ. ನನ್ನ ಸಲಿಗೆ ಅವನನ್ನು ಕೊಲ್ಲುವುದರಲ್ಲಿತ್ತು. ಅವನಿಗೆ ನನ್ನ ಮೇಲಿದ್ದ ಮರ್ಯಾದೆ ಅವನನ್ನು ಉಳಿಸಿತ್ತು. ಎರಡಕ್ಕೂ ಒಂದೇ ಹೆಸರು ಅಂತ ಇಬ್ಬರಿಗೂ ಅಲ್ಲೇ ಗೊತ್ತಾಯಿತು, ಆದರೆ ಬಾಯಿ ಬಿಟ್ಟು ಹೇಳಲು ಇಬ್ಬರಿಗೂ ಮುಖವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನ ತಾಯಿ ಸುಲಿದ ಹಣ್ಣಿನಲ್ಲಿ ಎರಡು ತೊಳೆ ತಂದು ನನ್ನ ಕೈಗೆ ಹಾಕಿ, ಮುಖ ನೋಡದೆ ವಾಪಸ್ ಹೋದರು.

ವಿಚಾರಣೆ ನಡೆಯಿತು. ಮಿಸ್ಡ್ ಕಾಲ್ ಯೋಚನೆ ತನ್ನದೇ ಎಂದು ಅವನು ಎಡಗೈಯಲ್ಲಿ ಸೊಟ್ಟ ಸಹಿ ಹಾಕಿ ಹೇಳಿಕೆ ಕೊಟ್ಟ. ನಿಜ ಬರೆದಿದ್ದಕ್ಕೆ ಕೆಲಸದಿಂದ ತೆಗೆಯಲಿಲ್ಲ, ಮಾಡಿದ್ದಕ್ಕೆ ಕುರ್ಚಿಯಿಂದ ತೆಗೆದರು. ಹೊಳೆನರಸೀಪುರದ ಕಚೇರಿಯೊಂದರಲ್ಲಿ ಹಳೆಯ ಕಡತ ಜೋಡಿಸುವ ಕೆಲಸಕ್ಕೆ ಹಾಕಿದರು. ಅಪ್ಪ ಫೋನ್ ಮಾಡಿ, "ಸಾಕ್ ಬುಡವ್ವ, ಮನೆಗೆ ಬಂದ್ಬುಡು," ಅಂದರು. "ಇಲ್ಲಪ್ಪ, ನಿಲ್ತೀನಿ," ಅಂದೆ.

ಅವನ ಊರು ಅಲ್ಲಿಗೆ ಹತ್ತಿರ. ಕೈ ಗುಣವಾಗುವ ತನಕ ಅವನಿಗೂ ಕಂಬವಿಲ್ಲ. ಸಂಜೆ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದ. ಮುಖ ನೋಡಿ ಮಾತಾಡುವುದು ಇಬ್ಬರಿಗೂ ಅಭ್ಯಾಸವಿರಲಿಲ್ಲ, ಹೋಗಿಬರುವ ಬಸ್ಸು ನೋಡಿಕೊಂಡು ಮಾತಾಡುತ್ತಿದ್ದೆವು. ಐದು ತಿಂಗಳಾದ ಮೇಲೆ ಪರೀಕ್ಷೆ ಬರೆಸಿ ನನ್ನನ್ನು ಮತ್ತೆ ಸ್ಟೇಷನ್ನಿಗೆ ಕಳಿಸಿದರು. ಹಿರಿಯರು ಬಾಗಿಲಲ್ಲೇ ನಿಂತು ಕೇಳಿದರು: "ಭಯ ಆಯ್ತದಾ ಅವ್ವ?"

"ಆಯ್ತದೆ ಸಾರ್."

"ಬಾ ಒಳಿಕ್ಕೆ."

ಅವನಿಗೂ ನನಗೂ ಮದುವೆಯಾಗಿ ಈಗ ಎರಡು ವರ್ಷ. "ಕರೆಂಟ್ ಬುಟ್ಟೋಳೇ ಸೊಸೆಯಾಗಿ ಬಂದವ್ಳೆ, ನಾನಿನ್ನು ಯಾವ್ದುಕ್ ಎದ್ರಲಿ?" ಎಂದು ಅತ್ತೆ ನೆಂಟರ ಮುಂದೆ ನಗಾಡುತ್ತಾರೆ. ನನಗೆ ಭಯ ಹೋಗಿಲ್ಲ. ಯಾವುದಾದರೂ ಫೋನ್ ಒಂದು ರಿಂಗಾಗಿ ನಿಂತರೆ, ಅದು ಯಾರದೇ ಇರಲಿ, ಬಸ್ಸಿನಲ್ಲಿರಲಿ ಮದುವೆ ಮನೆಯಲ್ಲಿರಲಿ, ಎದ್ದು ನಿಂತುಬಿಡುತ್ತೇನೆ. ಇವರು ಮನೆಗೆ ತರಕಾರಿ ಏನು ತರಲಿ ಎಂದು ಕೇಳುವುದಕ್ಕೂ ಮಿಸ್ಡ್ ಕಾಲ್ ಕೊಡುವುದಿಲ್ಲ.

ಮೂರನೇ ಫೀಡರ್ ಈಗಲೂ ಇವರದೇ. ಬೆಳಿಗ್ಗೆ ನಾನೇ ಕಟ್ಟಿಕೊಟ್ಟ ರೊಟ್ಟಿ ಬೈಕಿನಲ್ಲಿಟ್ಟುಕೊಂಡು ಹೋಗಿರುತ್ತಾರೆ. ಹತ್ತು ಗಂಟೆಗೆ ಫೋನ್ ಬರುತ್ತದೆ. ನಾನು ಪುಸ್ತಕ ತೆರೆದು, "ಯಾರು ಮಾತಾಡ್ತಿರೋದು? ಹೆಸರು ಹೇಳಿ," ಅನ್ನುತ್ತೇನೆ. ಗಂಡನ ಹೆಸರನ್ನು ಗಂಡನ ಬಾಯಲ್ಲೇ ಹೇಳಿಸಿಕೊಂಡು ಬರೆದುಕೊಳ್ಳುತ್ತೇನೆ. ವಾಪಸ್ ಕೊಡುವಾಗಲೂ ಅಷ್ಟೇ. ನಂಬರ್ ಹೇಳಬೇಕು, ಜನ ಇಳಿದಿದ್ದಾರೆ, ಸಾಮಾನು ತೆಗೆದಿದ್ದೀವಿ, ರಾಡ್ ಬಿಚ್ಚಿದ್ದೀವಿ, ಒಂದಕ್ಷರ ಬಿಡುವ ಹಾಗಿಲ್ಲ. ಸಿಗ್ನಲ್ ಹೋದರೆ ಏರಿ ಹತ್ತಿ ಬಂದು ಮೊದಲಿನಿಂದ ಹೇಳಬೇಕು. ಎಲ್ಲ ಹೇಳಿ ಮುಗಿದ ಮೇಲೆ, ಪುಸ್ತಕದಲ್ಲಿ ಕಾಲಂ ಇಲ್ಲದ ಪ್ರಶ್ನೆಯೊಂದನ್ನು ನಾನು ಕೇಳುತ್ತೇನೆ. ಅದಕ್ಕೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದುಕೊಂಡಿದ್ದೇನೆ.

"ನೀವು ಎಲ್ಲಿದೀರಾ?"

"ನೆಲದ್ ಮ್ಯಾಲೇ ನಿಂತಿವ್ನಿ ಮೇಡಂ."

ಆಗ ಎದ್ದು, ಗ್ಲೌಸು ಹಾಕಿಕೊಂಡು, ನಲವತ್ತು ಹೆಜ್ಜೆ ನಡೆಯುತ್ತೇನೆ.